ನಾಲ್ಕು ಎಂಜಿನ್ನಿನ ಗಾಡಿಗೆ ಕಂಡಕ್ಟರ್ ಇರಲಿಲ್ಲ

ಮರಳೂರು

ಇಂಗ್ಲೆಂಡಿಗೆ ಹೋಗಿ ಬಂದೆ ಅಂದರೆ ಸಾಕು, ತುಮಕೂರಿನ ಮರಳೂರಿನಲ್ಲಿ ನಮ್ಮ ಬೀದಿಯ ಹೆಂಗಸರು ಅರಮನೆ ನೋಡಿದ್ರಾ, ದೊಡ್ಡ ಗಡಿಯಾರ ನೋಡಿದ್ರಾ ಅಂತ ಶುರು ಮಾಡುತ್ತಾರೆ. ಎರಡನ್ನೂ ನೋಡಲಿಲ್ಲ ಅಂದರೆ ಅವರ ಮುಖ ಸಣ್ಣಗಾಗುತ್ತದೆ, ಟಿಕೆಟ್ ಅವರೇ ಕೊಡಿಸಿದ್ದರೇನೋ ಅನ್ನುವ ಹಾಗೆ.

"ಮತ್ತೇನ್ ನೋಡುದ್ರಿ ಅಷ್ಟು ದೂರ ಹೋಗಿ?" ಅಂತ ಎದುರು ಮನೆಯ ಲಲಿತಮ್ಮ ಕೇಳಿದಳು.

"ಒಂದು ಹಳೇ ಗಾಡಿ. ಯುದ್ಧದಲ್ಲಿ ಬಾಂಬ್ ಹಾಕ್ತಿದ್ದ ವಿಮಾನ. ಒಳಗೆ ಹತ್ತಿ ಇಳಿದ್ವಿ."

"ಹಳೇ ಗಾಡಿ ನೋಡಾಕೆ ಅಲ್ಲಿಗಂಟ ಹೋಗ್ಬೇಕಿತ್ತಾ? ನಿಮ್ ಡಿಪೋ ಹಿಂದ್ಗಡೆ ಬೇಕಾದಷ್ಟು ತುಕ್ಕು ಹಿಡ್ಕಂಡು ನಿಂತವಲ್ಲ!"

ಆಕೆ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೂ ಹೋದವಳು ನಾನು, ಹೇಳುವ ಹಕ್ಕು ನನ್ನದು.

ನಾನು ಸರೋಜಮ್ಮ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ತವರು ಗುಬ್ಬಿ ತಾಲ್ಲೂಕಿನ ನಿಟ್ಟೂರು. ನಮ್ಮ ಯಜಮಾನರು ನಂಜುಂಡಯ್ಯ, ಕುಣಿಗಲ್ ಕಡೆಯ ಕೊತ್ತಗೆರೆಯವರು, ಅದೇ ಡಿಪೋದಲ್ಲಿ ಡ್ರೈವರ್. ಎಷ್ಟೋ ವರ್ಷ ತುಮಕೂರು–ಕುಣಿಗಲ್ ರೂಟಿನಲ್ಲಿ ಅವರು ಮುಂದೆ, ನಾನು ಹಿಂದೆ. ಬೇರೆ ಗಂಡ ಹೆಂಡಿರು ಅಡುಗೆಮನೆಯಲ್ಲಿ ಜಗಳ ಆಡಿದರೆ ನಾವು ವಿಷಲ್ಲಿನಲ್ಲಿ ಆಡುತ್ತಿದ್ದೆವು. ನಾನು ಸಿಟ್ಟಿನಲ್ಲಿ ಊದಿದರೆ ಅವರು ಸಿಟ್ಟಿನಲ್ಲಿ ಬ್ರೇಕ್ ಹಾಕುವರು. ನಡುವೆ ಸಿಕ್ಕಿಕೊಂಡ ಪ್ಯಾಸೆಂಜರುಗಳು ಕಂಬಿಗೆ ಹಣೆ ಬಡಿಸಿಕೊಳ್ಳುವರು. ಆದರೆ ಒಂದು ಮಾತಿಗೆ ಅವರು ಎಂದೂ ತಪ್ಪಲಿಲ್ಲ. ಎಂಥ ಜಗಳವಿರಲಿ, ನಾನು "ರೈಟ್" ಅನ್ನದೆ ಗಾಡಿ ಬಿಟ್ಟವರಲ್ಲ.

ನಿವೃತ್ತಿಗೆ ಒಂದೂವರೆ ವರ್ಷ ಇರುವಾಗ ಅವರ ಕಣ್ಣು ಕೈಕೊಟ್ಟಿತು. ನೇರಕ್ಕೆ ಚೆನ್ನಾಗಿ ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಡ್ರೈವರುಗಳ ಕಣ್ಣು ಪರೀಕ್ಷಿಸುವ ಮೆಡಿಕಲ್‌ನಲ್ಲಿ ಸಿಕ್ಕಿಬಿದ್ದರು. ಸ್ಟೀರಿಂಗ್ ಬಿಡಿಸಿ ಡಿಪೋ ಗೇಟಿನಲ್ಲಿ ಸ್ಟೂಲ್ ಹಾಕಿ ಕೂರಿಸಿದರು. ನಮ್ಮಲ್ಲಿ ಡ್ರೈವರ್ ನಿವೃತ್ತಿಯಾಗುವ ದಿನ ಗಾಡಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಅವನ ಕೈಯಲ್ಲಿ ಕೊನೆಯ ಟ್ರಿಪ್ ಓಡಿಸುತ್ತಾರೆ. ಡಿಪೋಗೆ ಬಂದು ಇಳಿದ ಮೇಲೆ ಶಾಲು ಹೊದಿಸುತ್ತಾರೆ. ಇವರಿಗೆ ಓಡಿಸಲು ಟ್ರಿಪ್ಪೇ ಇರಲಿಲ್ಲವಲ್ಲ. "ಗೇಟ್ ಕಾಯೋನ್ಗೆ ಎಂಥ ಶಾಲು ಬುಡು" ಅಂತ ಆ ದಿನ ರಜೆ ಹಾಕಿ ಮನೆಯಲ್ಲಿ ಕೂತು ತೆಂಗಿನಕಾಯಿ ಸುಲಿದರು. ಬೇಡದಿದ್ದರೂ ಒಂದು ಗುಡ್ಡೆ ಸುಲಿದರು. ಆಮೇಲೆ ನನ್ನ ಸರದಿ ಬಂದಾಗ ಡಿಪೋದವರು ನನಗೊಂದು ಶಾಲು ಹೊದಿಸಿದರು. ಕಂದು ಬಣ್ಣದ್ದು, ಉಣ್ಣೆಯದು. ತುಮಕೂರಿನ ಸೆಖೆಗೆ ಉಣ್ಣೆ ಶಾಲು ಕೊಟ್ಟ ಪುಣ್ಯಾತ್ಮ ಯಾರೋ, ಅದು ಬೀರುವಿನಲ್ಲೇ ಇತ್ತು.

ಅದಾದ ಮೇಲೆ ಇವರು ಯಾವ ಗಾಡಿಯಲ್ಲೂ ಡ್ರೈವರ್ ಸೀಟಿನಲ್ಲಿ ಕೂತಿಲ್ಲ. ಬಾಯಿಬಿಟ್ಟು ಏನೂ ಹೇಳಿಲ್ಲ. ಬಸ್ಸು ಹತ್ತಿದರೆ ಮಾತ್ರ ಡ್ರೈವರ್ ಬೆನ್ನ ಹಿಂದಿನ ಸೀಟೇ ಬೇಕು, ಅದು ಮಹಿಳೆಯರದ್ದಾದರೂ ಸರಿ.

ಲಿಂಕನ್

ನಮ್ಮ ಮಗಳು ಪವಿತ್ರ ಇಂಗ್ಲೆಂಡಿನ ಲಿಂಕನ್ ಅನ್ನುವ ಊರಿನ ಆಸ್ಪತ್ರೆಯಲ್ಲಿ ನರ್ಸು. ಬೇಸಿಗೆಗೆ ಬನ್ನಿ, ಹಿತವಾಗಿರುತ್ತದೆ ಅಂತ ಕರೆಸಿಕೊಂಡಳು. ಅವರ ಬೇಸಿಗೆ ಅಂದರೆ ನಮ್ಮ ಡಿಸೆಂಬರಿನ ಬೆಳಗಿನ ಜಾವ. ಅಲ್ಲಿನವರು ಅರ್ಧ ಚಡ್ಡಿ ಹಾಕಿಕೊಂಡು "ಆಹಾ, ಎಂಥ ಬಿಸಿಲು" ಅಂತ ಓಡಾಡುತ್ತಿದ್ದರೆ ನಾನು ಬೀರುವಿನ ಆ ಶಾಲನ್ನು ಕಿವಿವರೆಗೂ ಸುತ್ತಿಕೊಂಡು ಶಾಲು ಕೊಟ್ಟವನಿಗೆ ದಿನವೂ ಕೈಮುಗಿದೆ.

ಊರಿನ ಬಸ್ಸು ನೋಡಿದಾಗ ಮಾತ್ರ ನನಗೆ ಉರಿದುಹೋಯಿತು. ಕಂಡಕ್ಟರೇ ಇಲ್ಲ! ಹತ್ತುವವರೆಲ್ಲ ಡ್ರೈವರ್ ಮುಂದೆ ಸಾಲು ನಿಂತು ಅವನಿಂದಲೇ ಟಿಕೆಟ್ ತೆಗೆದುಕೊಳ್ಳುತ್ತಾರೆ. ಒಬ್ಬ ಅಜ್ಜಿ ಪರ್ಸಿನ ತಳದಲ್ಲಿ ಚಿಲ್ಲರೆ ಹುಡುಕುತ್ತಿದ್ದರೆ ಇಡೀ ಬಸ್ಸು ತಪಸ್ಸಿಗೆ ಕೂತ ಹಾಗೆ ಕೂತಿರುತ್ತದೆ. ಯಾರೂ "ಬೇಗ ಹತ್ತಮ್ಮೋ" ಅನ್ನುವುದಿಲ್ಲ. ಇಂಥ ದೇಶ ನಮ್ಮನ್ನು ಅಷ್ಟು ವರ್ಷ ಹೇಗೆ ಆಳಿತೋ.

ಇವರು ನೋಡಿದ್ದು ಬೇರೆ. ಇಳಿಯುವವರೆಲ್ಲ, ಸಣ್ಣ ಮಕ್ಕಳೂ ಸಹ, ಡ್ರೈವರ್ ಕಡೆ ತಿರುಗಿ "ಥ್ಯಾಂಕ್ ಯು" ಅಂತ ಹೇಳಿ ಇಳಿಯುತ್ತಾರೆ.

"ನೋಡ್ದೇನೆ? ಅಷ್ಟು ವರ್ಷ ಓಡುಸ್ದೆ, ಒಬ್ಬ ನನ್ಮಗ ಥ್ಯಾಂಕ್ಸ್ ಅಂದಿದ್ನಾ?"

"ಅಂದಿದ್ರಲ್ರೀ. 'ಬಸ್ ಓಡುಸ್ತಾ ಇದ್ಯೋ, ಎಮ್ಮೆ ಹೊಡೀತಾ ಇದ್ಯೋ' ಅಂತ ಗೂಳೂರ್ ಸ್ಟಾಪಲ್ಲಿ ದಿನಾ ಕೇಳ್ತಿದ್ನಲ್ಲ ಒಬ್ಬ."

ಅವರು ನಗಲಿಲ್ಲ. ಅವತ್ತಿನಿಂದ ಬೆಳಗ್ಗೆ ತಿಂಡಿ ಆದಮೇಲೆ ಮನೆ ಹತ್ತಿರದ ಬಸ್ ಸ್ಟಾಪಿಗೆ ಹೋಗಿ ಬೆಂಚಿನ ಮೇಲೆ ಕೂರುವುದು ಅಭ್ಯಾಸವಾಯಿತು. ಬಸ್ಸು ಬಂದು ನಿಂತರೆ ಹತ್ತುವುದಿಲ್ಲ. ಗೇರ್ ಹೇಗೆ ಬಿತ್ತು ಅಂತ ಕಿವಿಗೊಟ್ಟು ಕೇಳುವುದು, ತಲೆ ಆಡಿಸುವುದು. ಡ್ರೈವರುಗಳು ಇವರನ್ನು ತಪಾಸಣೆಯವರು ಅಂದುಕೊಂಡರೋ ಏನೋ, ನಮಸ್ಕಾರ ಮಾಡಲು ಶುರು ಮಾಡಿದರು.

ಪವಿತ್ರಾಗೆ ಇದನ್ನು ನೋಡಿ ಸಂಕಟ. "ಅಪ್ಪನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗ್ಬೇಕು ಕಣಮ್ಮ" ಅಂದವಳು ಒಂದು ದಿನ ಕೇಳಿದಳು, "ಅಪ್ಪಾ, ಇಲ್ಲೊಂದು ಮ್ಯೂಸಿಯಂನಲ್ಲಿ ಹಳೇ ಬಾಂಬರ್ ವಿಮಾನ ಇದೆ. ಒಳಗೆ ಬಿಡ್ತಾರೆ. ಪೈಲಟ್ ಸೀಟಲ್ಲಿ ಕೂರ್‌ಬೋದು. ಹೋಗಣ್ವಾ?"

ಅವರು ಟೀ ಲೋಟ ಕೆಳಗಿಟ್ಟರು. "ಡ್ರೈವರ್ ಸೀಟಲ್ಲಾ? ಯಾರು ಬೇಕಾದ್ರೂ ಕೂರ್‌ಬೋದಾ?"

ಆ ಕೇಳಿದ ದನಿಯಲ್ಲೇ ನನಗೆ ಎಲ್ಲ ಗೊತ್ತಾಗಿಹೋಯಿತು.

ಶೆಡ್ಡಿನ ಬಾಗಿಲು

ಆ ಕಡೆಯ ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ನಮ್ಮ ದೇವರಾಯನದುರ್ಗದಂಥ ಬೆಟ್ಟ ಬೇಡ, ಹತ್ತಿ ಕೂರಲು ಒಂದು ಬಂಡೆಯೂ ಇಲ್ಲ. ಅದಕ್ಕೇ ಎರಡನೇ ಮಹಾಯುದ್ಧದಲ್ಲಿ ಎಲ್ಲೆಂದರಲ್ಲಿ ವಿಮಾನದ ಮೈದಾನ ಮಾಡಿದ್ದರಂತೆ. ಈಗ ಅಲ್ಲೆಲ್ಲ ಗೋಧಿ ಬೆಳೆಯುತ್ತಾರೆ. ಮ್ಯೂಸಿಯಂ ಅಂದರೆ ಅಂಥದ್ದೊಂದು ಮೈದಾನದ ಮೂಲೆಯ ದೊಡ್ಡ ತಗಡಿನ ಶೆಡ್ಡು.

ಒಳಗೆ ನಿಂತಿತ್ತು, ಲ್ಯಾಂಕಾಸ್ಟರ್ ಅಂತ ಅದರ ಹೆಸರು. ಕರೀ ಬಣ್ಣ, ನಾಲ್ಕು ಎಂಜಿನ್ನು, ಮೂತಿ ಮೇಲಕ್ಕೆ, ಬಾಲ ನೆಲಕ್ಕೆ. ನಮ್ಮ ಡಿಪೋದಲ್ಲಿ ಹೀಗೆ ಮೂತಿ ಎತ್ತಿ ನಿಂತ ಗಾಡಿಗೆ ಹಿಂದಿನ ಟೈರ್ ಪಂಚರ್ ಅಂತ ಅರ್ಥ. ಮುಂದಿನ ಚಕ್ರಗಳು ನನ್ನ ತಲೆಯವರೆಗೂ ಬರುತ್ತಿದ್ದವು.

ತೋರಿಸುವವರು ಕೆನ್ ಅಂತ ಒಬ್ಬ ತಾತ. ಎಂಬತ್ತರ ಹತ್ತಿರ ಇರಬಹುದು, ಇಸ್ತ್ರಿ ಮಾಡಿದ ಕೋಟು, ಹೊಳೆಯುವ ಬೂಟು. ಇಬ್ಬಿಬ್ಬರನ್ನೇ ಒಳಗೆ ಬಿಡುವುದು, ನಿಮ್ಮ ಸರದಿ ಬಂತು ಅಂತ ಅವರು ಹೇಳಿ ತಿರುಗಿ ನೋಡಿದರೆ ನಮ್ಮ ಯಜಮಾನರು ಇಲ್ಲ.

ಅವರು ವಿಮಾನದ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಮಗಳ ಫ್ರಿಜ್ಜಿನಿಂದ ಎತ್ತಿಕೊಂಡು ಬಂದಿದ್ದ ನಿಂಬೆಹಣ್ಣನ್ನು ಒಂದೊಂದು ಚಕ್ರಕ್ಕೆ ಒಂದೊಂದರಂತೆ ಇಡುತ್ತಿದ್ದರು. ಅಲ್ಲಿನ ನಿಂಬೆಹಣ್ಣು ಮೂಸಂಬಿ ಗಾತ್ರ. ಸರಿಯಾಗಿ ಕೂರದೆ ಉರುಳಿ ಉರುಳಿ ಬರುತ್ತಿತ್ತು, ಇವರು ಬಿಡದೆ ತಳ್ಳುತ್ತಿದ್ದರು.

ಕೆನ್ ಮುಖ ನೋಡಬೇಕಿತ್ತು. ಯುದ್ಧ ಮುಗಿದು ಇಷ್ಟು ಕಾಲವಾದ ಮೇಲೂ ತಮ್ಮ ವಿಮಾನದ ಕೆಳಗೆ ಯಾರೋ ಏನೋ ಇಡುತ್ತಿದ್ದಾರೆ ಅನ್ನುವ ಗಾಬರಿ. ಓಡಿ ಬಂದರು. ಪವಿತ್ರ ಮುಖ ಕೆಂಪಗೆ ಮಾಡಿಕೊಂಡು ಇಂಗ್ಲಿಷಿನಲ್ಲಿ ವಿವರಿಸಿದಳು: ಇದು ಬಾಂಬಲ್ಲ, ನಿಂಬೆಹಣ್ಣು. ನಮ್ಮ ಕಡೆ ಹೊಸದಾಗಿ ಗಾಡಿ ಹತ್ತುವ ಮುಂಚೆ ದೃಷ್ಟಿಯಾಗದಿರಲಿ ಅಂತ ಚಕ್ರದ ಕೆಳಗಿಟ್ಟು ಅದರ ಮೇಲೆ ಓಡಿಸುತ್ತಾರೆ.

"ಆದರೆ ಇದು ಓಡುವುದಿಲ್ಲವಲ್ಲ" ಅಂದರಂತೆ ಕೆನ್.

"ಗೊತ್ತು ಅನ್ನು" ಅಂದರು ಇವರು ಮಗಳಿಗೆ. "ಓಡ್ದೆ ಇದ್ರೂ ಗಾಡಿ ಗಾಡೀನೆ ಕಣಮ್ಮ."

ಕೆನ್ ಸ್ವಲ್ಪ ಯೋಚಿಸಿ, ಆ ಕಾಲದ ಹುಡುಗರೂ ಹತ್ತುವ ಮುಂಚೆ ಮೊಲದ ಕಾಲು, ಹೆಂಡತಿಯ ಕಾಲುಚೀಲ, ಏನೇನೋ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಇರಲಿ ಬಿಡಿ ಅಂದರು. ಉರುಳಿಹೋಗಿದ್ದ ಒಂದು ಹಣ್ಣನ್ನು ತಾವೇ ಬೂಟಿನ ತುದಿಯಿಂದ ಚಕ್ರದ ಕಡೆಗೆ ನೂಕಿದರು. ಪುಣ್ಯಕ್ಕೆ ತೆಂಗಿನಕಾಯಿ ತಂದಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಅದನ್ನು ಬ್ಯಾಗಿನಿಂದ ತೆಗೆಸಿದ್ದರು.

ಏಣಿ

ವಿಮಾನದ ಬಾಗಿಲು ಹಿಂದುಗಡೆ, ಬಾಲದ ಹತ್ತಿರ. ಅದಕ್ಕೊಂದು ಪುಟ್ಟ ಏಣಿ. ಇವರು ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರು, ಅಷ್ಟರಲ್ಲಿ ಕೆನ್ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದರು: ಒಳಗೆ ಕತ್ತಲು, ಇಕ್ಕಟ್ಟು, ಅಲ್ಲಲ್ಲಿ ತಲೆಗೆ ತಾಗುವ ಕಬ್ಬಿಣ ಇದೆ. ಮಂಡಿ, ಕಣ್ಣು ಎಲ್ಲ ಸರಿಯಾಗಿದೆ ತಾನೆ?

ಕಣ್ಣಿಗೆ ಅವರು ಅಂದ 'ಐಸ್' ಅನ್ನುವ ಮಾತು ಇವರಿಗೆ ಮಗಳ ಸಹಾಯವಿಲ್ಲದೆ ಅರ್ಥವಾಯಿತು. ಕಾಲು ಕೆಳಗಿಟ್ಟರು.

"ಸರೋಜ, ನೀನೇ ನೋಡ್ಕೊಂಡ್ ಬಾ. ನಂಗ್ಯಾಕೋ ಮಂಡಿ ನೋಯ್ತಾ ಐತೆ."

"ಬೆಳಗ್ಗೆ ಬಸ್ ಸ್ಟಾಪಿಗೆ ಓಡಿ ಹೋಗೋವಾಗ ಮಂಡಿ ಎಲ್ಲಿಟ್ಟಿದ್ರಿ?"

"ಬುಡು, ಇಲ್ಲೂ ಮೆಡಿಕಲ್ ಮಾಡ್ತಾವ್ರೆ" ಅಂದರು. ಅಂದು ಮುಖ ಆಚೆ ತಿರುಗಿಸಿಕೊಂಡರು. ಅರವತ್ತು ದಾಟಿದ ಮನುಷ್ಯ, ಅಷ್ಟು ದೂರ ಬಂದು, ಏಣಿ ಕೆಳಗೆ ನಿಂತು ಅಂಗಿ ಗುಂಡಿ ನೋಡಿಕೊಳ್ಳುತ್ತಿದ್ದಾರೆ. ಇಂಥದ್ದನ್ನು ನೋಡಿದರೆ ನನಗೆ ಬರುವುದು ಅಳುವಲ್ಲ, ಸಿಟ್ಟು.

"ಪವಿತ್ರ, ಆ ತಾತಂಗೆ ಹೇಳು. ನಮ್ಮ ಡ್ರೈವರ್‌ಗೆ ನೇರಕ್ಕೆ ಕಾಣ್ತದೆ, ಪಕ್ಕ ಕಾಣಲ್ಲ. ಪಕ್ಕ ನೋಡೋದು ಯಾವತ್ತಿದ್ರೂ ಕಂಡಕ್ಟರ್ ಕೆಲಸ. ಕಂಡಕ್ಟರ್ ಜೊತೇಲೇ ಅವ್ಳೆ. ಏನಾದ್ರೂ ಅಭ್ಯಂತರ ಐತಾ ಕೇಳು."

ಅವಳು ಹೇಳಿದಳು. ಕೆನ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಸೀರೆ, ಸ್ವೆಟರ್, ಅದರ ಮೇಲೆ ಶಾಲು, ಕಾಲಿಗೆ ಮಗಳ ಬೂಟು. ಆಮೇಲೆ ನಿಧಾನವಾಗಿ ಹೇಳಿದ್ದನ್ನು ಪವಿತ್ರ ಕನ್ನಡಕ್ಕೆ ತಂದಳು: "ಈ ವಿಮಾನದಲ್ಲಿ ಏಳು ಜನ ಇರ್ತಿದ್ರಂತೆ. ಪೈಲಟ್‌ಗೂ ಹಿಂದೆ ಏನಾಗ್ತಿದೆ ಅಂತ ಕಾಣ್ತಿರ್ಲಿಲ್ಲವಂತೆ. ಬಾಲದಲ್ಲಿ ಕೂತೋನು ಹೇಳ್ಬೇಕಿತ್ತಂತೆ. ಹಾಗಾಗಿ ಕಂಡಕ್ಟರ್ ಇದ್ರೆ ಅಭ್ಯಂತರ ಇಲ್ವಂತೆ."

"ಕೇಳುಸ್ತಾ? ಮೆಟ್ಲು ಮೇಲೆ ನಿಂತ್ಕೋಬೇಡಿ, ಒಳಗೆ ನಡೀರಿ" ಅಂದೆ. ಸರ್ವಿಸ್‌ನಲ್ಲಿ ಎಷ್ಟು ಜನರಿಗೆ ಹೇಳಿದ್ದೆನೋ. ಗಂಡನಿಗೆ ಹೇಳಿದ್ದು ಅವತ್ತೇ ಮೊದಲು.

ತೊಲೆ

ಒಳಗೆ ಹೋದರೆ ಅದು ವಿಮಾನವಲ್ಲ, ತಗಡಿನ ಕೊಳವೆ. ನೆಟ್ಟಗೆ ನಿಲ್ಲುವ ಹಾಗಿಲ್ಲ, ನೆಲ ಮುಂದಕ್ಕೆ ಏರು. ಎಡಕ್ಕೆ ಪೈಪು, ಬಲಕ್ಕೆ ಡಬ್ಬಿ. ಬಾಲದ ತುದಿಯಲ್ಲಿ ಬಂದೂಕಿನವನಿಗೊಂದು ಗಾಜಿನ ಗೂಡು. ಅಲ್ಲಿ ಒಬ್ಬನೇ, ಹಿಂದಕ್ಕೆ ಮುಖ ಮಾಡಿ, ರಾತ್ರಿಯೆಲ್ಲ ಚಳಿಯಲ್ಲಿ ಕೂರಬೇಕಿತ್ತಂತೆ. ಅದರ ಹತ್ತಿರದಲ್ಲೇ ಕಕ್ಕಸಿನ ಡಬ್ಬ, ಬಾಗಿಲಿಲ್ಲ, ಪರದೆಯಿಲ್ಲ. ದೊರೆಗಳು ಲೋಕಕ್ಕೆಲ್ಲ ನಾಗರಿಕತೆ ಕಲಿಸುತ್ತಿದ್ದ ಕಾಲ ಅದು.

ನಾನು ಮುಂದೆ, ಇವರು ನನ್ನ ಹಿಂದೆ, ಕೆನ್ ಕೊನೆಗೆ. ಇಬ್ಬಿಬ್ಬರನ್ನೇ ಬಿಡುವುದು ಅಂತ ಪವಿತ್ರ ಕೆಳಗೇ ನಿಂತಳು. ಶೆಡ್ಡಿಗೆ ಗಾಡಿ ರಿವರ್ಸ್ ಹಾಕಿಸುವಾಗ ಕೂಗುವ ಹಾಗೆ ನಾನು ಶುರು ಮಾಡಿದೆ.

"ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಕಬ್ಬಿಣ ಐತೆ, ಬಲಕ್ಕೆ ಕಟ್ ಮಾಡಿ... ಬರ್ಲಿ... ತಲೆ ತಗ್ಸಿ... ಹೋಲ್ಡಾನ್!"

ಹೋಲ್ಡಾನ್ ಅಂದದ್ದು ಅವರಿಗಲ್ಲ, ನನಗೆ. ಮುಂದೆ ಸೊಂಟದೆತ್ತರಕ್ಕೆ ಒಂದು ತೊಲೆ ಅಡ್ಡ ಬಂದಿತ್ತು. ಎರಡೂ ರೆಕ್ಕೆಗಳನ್ನು ಹಿಡಿದಿರುವುದೇ ಅದಂತೆ. ಅದನ್ನು ಹತ್ತಿ ದಾಟಿದರೇ ಕಾಕ್‌ಪಿಟ್. ಇಪ್ಪತ್ತು ವರ್ಷದ ಹುಡುಗರು ದಾಟುತ್ತಿದ್ದ ತೊಲೆಯನ್ನು ದಾಟಲು ನಾನು ಸೀರೆ ಎತ್ತಿ ಕಟ್ಟಿ ಒಂದು ಕಾಲು ಆಚೆ ಹಾಕಿದೆ. ಅಷ್ಟೇ. ಇನ್ನೊಂದು ಕಾಲು ಬರಲಿಲ್ಲ. ತೊಲೆಯ ಮೇಲೆ ಕುದುರೆ ಹತ್ತಿದ ಹಾಗೆ ಕೂತುಬಿಟ್ಟೆ, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಏನಾಯ್ತೆ?"

"ಈ ತೊಲೆ ಸರೀಗಿಲ್ಲ ರೀ. ಡೊಂಕು."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಅಂದರು. ಬೆಳಗಿನಿಂದ ಅವರ ಬಾಯಲ್ಲಿ ಬಂದ ಮೊದಲ ನಗು ಅದು. ಹಿಂದಿನಿಂದ ಅವರು ನೂಕಿದರು, ಕೆನ್ ಗಾಬರಿಯಲ್ಲಿ "ಓ ಡಿಯರ್, ಓ ಡಿಯರ್" ಅನ್ನುತ್ತಿದ್ದರು. ದಸರಾ ರಶ್ಶಿನಲ್ಲಿ ನಾನು ಜನರನ್ನು ಬಸ್ಸಿಗೆ ತುಂಬಿದ ಪಾಪವೆಲ್ಲ ಆ ಒಂದು ನೂಕಿನಲ್ಲಿ ತೀರಿತು. ಆಚೆ ಬಿದ್ದೆ. ಮಂಡಿ ತರಚಿತು, ಮರ್ಯಾದೆಯ ಲೆಕ್ಕ ಬೇಡ.

ಆಮೇಲೆ ತಿರುಗಿ ನಿಂತು ಇವರನ್ನು ಕರೆದುಕೊಂಡೆ. "ಬರ್ಲಿ... ಬಲಗಾಲು ಮೇಲೆ... ಬರ್ಲಿ..." ಒಂದು ಕಡೆಯೂ ತಲೆ ತಾಗಿಸಿಕೊಳ್ಳದೆ ದಾಟಿದರು.

ಡ್ರೈವರ್ ಸೀಟು

ಕಾಕ್‌ಪಿಟ್ ಅಂದರೆ ನಾನು ಏನೋ ಅಂದುಕೊಂಡಿದ್ದೆ. ಮೇಲೆಲ್ಲ ಗಾಜು, ಮುಂದೆ ಗೋಡೆ ತುಂಬ ಗಡಿಯಾರದಂಥ ಮೀಟರುಗಳು, ಎಡಗಡೆ ಎತ್ತರದಲ್ಲಿ ಒಂದೇ ಒಂದು ಸೀಟು. ಪಕ್ಕದಲ್ಲಿ ಎಂಜಿನ್ ನೋಡಿಕೊಳ್ಳುವವನಿಗೆ ಮಡಚುವ ಹಲಗೆ. ಟಿಕೆಟ್ ಕೊಡುವವರಿಗೆ ಜಾಗವೇ ಮಾಡಿಲ್ಲ. ಹತ್ತಿದವರನ್ನು ಇಳಿಸುವ ಗಾಡಿಯಾಗಿದ್ದರೆ ಮಾಡುತ್ತಿದ್ದರೋ ಏನೋ. ಇದು ಬಾಂಬು ಇಳಿಸುವ ಗಾಡಿ, ಬಾಂಬಿಗೆ ಸ್ಟಾಪ್ ಬಂತು ಅಂತ ಯಾರು ಕೂಗಬೇಕು? ಕೆಳಗಿದ್ದವರಿಗೂ ಯಾರೂ ಕೂಗಿ ಹೇಳಿರಲಿಲ್ಲ.

ಕೆನ್ ಸೀಟು ತೋರಿಸಿದರು. ಇವರು ಬೂಟು ಬಿಚ್ಚಿದರು. ಬೇಡ ಬೇಡ ಅಂತ ಕೆನ್ ಕೈ ಆಡಿಸಿದರೂ ಕೇಳದೆ ಬೂಟನ್ನು ಮೂಲೆಗಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಕೂತರು. ವಿಮಾನದ ಸ್ಟೀರಿಂಗ್ ಪೂರ್ತಿ ದುಂಡಗಿಲ್ಲ, ಯಾರೋ ಮೇಲಿನ ಭಾಗ ಮುರಿದುಕೊಂಡು ಹೋದ ಹಾಗಿದೆ. ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದರು. ಹಿಡಿದ ತಕ್ಷಣ ಬೆನ್ನು ನೆಟ್ಟಗಾಯಿತು. ಆ ಬೆನ್ನನ್ನು ಹಿಂದಿನಿಂದ ನೋಡಿ ಎಷ್ಟು ಕಾಲವಾಗಿತ್ತು!

ಕೆನ್ ಕೈಸನ್ನೆ ಮಾಡುತ್ತ ಬಿಡಿಸಿ ಬಿಡಿಸಿ ಹೇಳಿದರು. ನನ್ನ ಇಂಗ್ಲಿಷ್ ಪಾಸು, ಲಗೇಜು, ನೆಕ್ಸ್ಟ್ ಸ್ಟಾಪು ದಾಟುವುದಿಲ್ಲ, ಆದರೂ ಅರ್ಥವಾಯಿತು. ಗುಂಡು ತಗುಲಿ ವಿಮಾನ ಬೀಳುವ ಹಾಗಾದರೆ ಉಳಿದವರೆಲ್ಲ ಪ್ಯಾರಾಚೂಟ್ ಕಟ್ಟಿಕೊಂಡು ಹಾರುತ್ತಿದ್ದರು. ಅವರು ಹಾರುವವರೆಗೂ ಪೈಲಟ್ ಸ್ಟೀರಿಂಗ್ ಬಿಡುವ ಹಾಗಿರಲಿಲ್ಲ. ಅವನು ಕೊನೆಗೆ. ಎಷ್ಟೋ ಸಲ ಅವನಿಗೆ ಹೊತ್ತೇ ಸಿಗುತ್ತಿರಲಿಲ್ಲ. ಹುಡುಗರು, ಇಪ್ಪತ್ತು ಇಪ್ಪತ್ತೆರಡರವರು. ನಮ್ಮಲ್ಲಿ ಆ ವಯಸ್ಸಿನವನ ಕೈಗೆ ಯಾವ ಡಿಪೋದಲ್ಲೂ ಬಸ್ಸು ಕೊಡುವುದಿಲ್ಲ.

ನಾನು ಅದನ್ನು ಇವರಿಗೆ ಹೇಳಿದೆ. "ಡ್ರೈವರ್ ಅಂದ್ಮೇಲೆ ಕೊನೇಗೇ ಇಳೀಬೇಕು ಕಣೆ" ಅಂದರು ಮೆಲ್ಲಗೆ. "ಎಲ್ಲಾ ಇಳುದ್ರಾ ಅಂತ ನೋಡ್ಕಂಡು ಇಳೀಬೇಕು. ನಾನು ಹಂಗೆ ಇಳೀಲೇ ಇಲ್ಲ ನೋಡು."

ಆಮೇಲೆ ಸುಮ್ಮನೆ ಕೂತರು. ಕೈ ಸ್ಟೀರಿಂಗ್ ಮೇಲಿತ್ತು, ಕಾಲು ಪೆಡಲ್ ಮೇಲಿತ್ತು, ಕಣ್ಣು ಶೆಡ್ಡಿನ ಬಾಗಿಲ ಕಡೆ. ಕೂತೇ ಇದ್ದರು. ಕೆನ್ ಒಮ್ಮೆ ಕೆಮ್ಮಿದರು. ಏನೋ ಹೆಚ್ಚುಕಮ್ಮಿ ಆಯಿತೇನೋ ಅಂತ ನಾನು ಬಗ್ಗಿ ಮುಖ ನೋಡಿದೆ. ಏನೂ ಆಗಿರಲಿಲ್ಲ. ಕಾಯುತ್ತಿದ್ದರು, ಅಷ್ಟೇ. ನಾನು ಹೇಳದೆ ಅವರು ಗಾಡಿ ತೆಗೆದವರಲ್ಲ.

"ರೈಟ್! ರೈಟ್ ರೈಟ್!" ಅಂತ ಕೂಗಿದೆ.

ಆ ತಗಡಿನ ಕೊಳವೆಯಲ್ಲಿ ಅದು ಬಾಲದವರೆಗೂ ಹೋಗಿ ಮೊಳಗಿತು.

ಕುಣಿಗಲ್

ಮುಂದಿನದನ್ನು ಲಲಿತಮ್ಮನಿಗೆ ಹೇಳಿಲ್ಲ. ಹೇಳಿದರೆ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಾಳೆ.

ಇವರು ಬಾಯಲ್ಲೇ ಎಂಜಿನ್ ಶುರು ಮಾಡಿದರು. ನಾಲ್ಕು ಎಂಜಿನ್ನಿನ ಹಿಡಿಗಳ ಮೇಲೆ ಕೈ ಇಟ್ಟು ಗೇರ್ ಹಾಕಿದರು. ಕೆನ್ ತಡೆಯಲು ಬಂದವರು ಯಾಕೋ ಹಾಗೇ ನಿಂತರು. ತುಮಕೂರು ಸ್ಟ್ಯಾಂಡ್ ಬಿಟ್ಟೆವು. "ಯಾರ್ರೀ ಗೂಳೂರು!" ಅಂತ ನಾನು ಕೂಗಿದೆ. ಇವರು ನಿಧಾನ ಮಾಡಿದರು. ನಾಗವಲ್ಲಿಯಲ್ಲಿ ಯಾರೋ ಅಡ್ಡ ಬಂದರು ಅಂತ ಕಾಣುತ್ತದೆ, ಗಾಜಿನ ಆಚೆಗೆ ಕೈ ಬೀಸಿ ಬೈದರು. ಹೆಬ್ಬೂರಿನಲ್ಲಿ ಟೀಗೆ ಅಂತ ನಿಲ್ಲಿಸುವ ಅಭ್ಯಾಸ, ಅವತ್ತು ನಿಲ್ಲಿಸಲಿಲ್ಲ. ನಾನು ಎಡಕ್ಕೆ ನೋಡುತ್ತಿದ್ದೆ, ಬಲಕ್ಕೆ ನೋಡುತ್ತಿದ್ದೆ. "ಎಡಕ್ಕೆ ಸ್ಕೂಟರ್... ಬಲಕ್ಕೆ ಕ್ಲಿಯರ್... ಹೋಗ್ಲಿ, ಹೋಗ್ಲಿ." ಎಷ್ಟೋ ಸಲ ಮಾಡಿದ ರೂಟು, ಇಷ್ಟು ನಾಜೂಕಾಗಿ ಅವರು ಎಂದೂ ಓಡಿಸಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ಗಾಜಿನ ಬೆಳಕಿಗೆ ಅಂತ ಇಟ್ಟುಕೊಳ್ಳಿ.

"ಕುಣಿಗಲ್! ಲಾಸ್ಟ್ ಸ್ಟಾಪ್, ಎಲ್ಲಾ ಇಳೀರಿ!"

ಇವರು ಬ್ರೇಕ್ ಹಾಕಿದರು. ಕೈ ತೆಗೆದರು. ಮುಖ ಒರೆಸಿಕೊಂಡರು.

ಇಳಿಯಲು ಹೊರಟ ಕೆನ್ ತಿರುಗಿ, ಅವರ ಊರಿನ ಬಸ್ಸಿನಲ್ಲಿ ಎಲ್ಲರೂ ಅನ್ನುವ ಹಾಗೆಯೇ, ಅಷ್ಟೇ ಸಾದಾ ದನಿಯಲ್ಲಿ ಅಂದರು: "ಥ್ಯಾಂಕ್ ಯು, ಡ್ರೈವರ್."

ಇವರು ತಲೆ ಆಡಿಸಿದರು.

ಮತ್ತೆ ತೊಲೆ, ಮತ್ತೆ ನನ್ನ ಅವಸ್ಥೆ, ಅದನ್ನು ಬಿಡಿ. ಕೆನ್ ಮೊದಲು ಇಳಿದರು, ನಾನು ಆಮೇಲೆ. ಏಣಿಯ ಕೆಳಗೆ ನಿಂತು "ಬರ್ಲಿ, ಬರ್ಲಿ" ಅಂದೆ. ಇವರು ಬಾಗಿಲಲ್ಲಿ ನಿಂತು ಒಮ್ಮೆ ಹಿಂದಕ್ಕೆ ತಿರುಗಿ ಖಾಲಿ ಕೊಳವೆಯ ಉದ್ದಕ್ಕೂ ನೋಡಿದರು. ಎಲ್ಲರೂ ಇಳಿದಿದ್ದರು. ಆಮೇಲೆ ಇಳಿದರು, ಕೊನೆಗೆ.

ಅವರ ಕಾಲು ನೆಲಕ್ಕೆ ತಾಗಿದ ಕೂಡಲೇ ನಾನು ಹೊದ್ದಿದ್ದ ಶಾಲನ್ನು ತೆಗೆದು ಅವರ ಹೆಗಲಿಗೆ ಹಾಕಿದೆ.

"ಇದೇನೆ ಇದು, ನಂಗೆ ಚಳಿ ಇಲ್ಲ ಕಣೆ."

"ಚಳಿಗಲ್ಲ ರೀ" ಅಂದೆ.

ಅವರು ಶಾಲನ್ನು ಕೈಯಲ್ಲಿ ಮುಟ್ಟಿ ನೋಡಿದರು. ಯಾವ ಶಾಲು ಅಂತ ಗೊತ್ತಾಯಿತು. ತೆಗೆಯಲಿಲ್ಲ. ಎರಡೂ ಬದಿ ಎಳೆದು ಸರಿಮಾಡಿಕೊಂಡರು.